ಮೂವತ್ತೆರಡನೆಯ ಪ್ರಶ್ನೆ

ಉಟೆನಾದಿಂದ ಉತ್ತರಕ್ಕೆ ಕೆರೆಯ ಮಗ್ಗುಲಿಗೆ ಕೆರೆ.
ಲಿಥುವೇನಿಯಾದ ಈ ಮೂಲೆಯಲ್ಲಿ ನವೆಂಬರ್ ಎಂದರೆ
ನಾಲ್ಕಕ್ಕೇ ದೀಪ.
ಹಿಂದಿನ ಸೀಟಿನಲ್ಲಿ ನಲವತ್ತು ಪ್ರಶ್ನಾವಳಿ,
ಒಂದು ಡಬ್ಬಿ ಪೆನ್ಸಿಲು, ನಿನ್ನೆ ಯಾರೋ ಕೊಟ್ಟ ಸೇಬು.

ನನ್ನ ಕೆಲಸ ಇಷ್ಟೆ:
ಸಾಯಹೊರಟು ಬದುಕಿ ಮರಳಿದವರ ಮನೆಗೆ
ಆರು ತಿಂಗಳಿಗೊಮ್ಮೆ ಹೋಗುವುದು,
ಕೇಳುವುದು, ಬರೆದುಕೊಳ್ಳುವುದು, ಹೊರಡುವುದು.
ಚಹಾ ಕುಡಿಯಬಹುದು, ಊಟಕ್ಕೆ ಕೂರಬಾರದು
ಎಂದಿದೆ ಕೈಪಿಡಿ.

ಗಂಡಸೇ? ಒಂದು ಅಂಕ. ಒಂಟಿಯೇ? ಇನ್ನೊಂದು.
ಹಿಂದೆಯೂ ಯತ್ನಿಸಿದ್ದುಂಟೇ? ಮೂರು.
ಕುಡಿತ, ನಿದ್ದೆಗೆಟ್ಟ ರಾತ್ರಿ, ಕೆಲಸ ಹೋದ ವರ್ಷ.
ಮನೆತನದಲ್ಲಿ ಯಾರಾದರೂ...
ಇಲ್ಲಿ ದನಿ ತಗ್ಗಿಸಿ, ಕಾಯಿರಿ,
ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ.

ಸಾವಿರ ಜನರ ಬಗ್ಗೆ ಈ ಲೆಕ್ಕಕ್ಕೆ ಗೊತ್ತು,
ಬಾಗಿಲ ಹಿಂದೆ ಕೆಮ್ಮುತ್ತಿರುವ ಒಬ್ಬನ ಬಗ್ಗೆ ಇಲ್ಲ.
ನಾನು ಹೇಳಿದ್ದಲ್ಲ, ನಮ್ಮ ಪ್ರೊಫೆಸರೇ ಹೇಳುವುದು,
ಪ್ರತಿ ಸಭೆಯ ಕೊನೆಗೆ. ಹೇಳಿ
ಕನ್ನಡಕ ಒರೆಸಿಕೊಳ್ಳುತ್ತಾರೆ.

ಸಂಖ್ಯೆ ಇನ್ನೂರ ಹದಿನೇಳು.
'ರಾಪೋಲಾಸ್ ಅಂತಲೇ ಬರಿ, ಅಡ್ಡಿಯಿಲ್ಲ' ಎಂದ.
ಬರೆಯಲಿಲ್ಲ.
ಹಾಲಿನ ಕಾರ್ಖಾನೆಯ ರಾತ್ರಿಪಾಳಿಯಲ್ಲಿ ಇಪ್ಪತ್ತಾರು ವರ್ಷ,
ಕಾರ್ಖಾನೆ ಮುಚ್ಚಿದರೂ ರಾತ್ರಿ ಮುಚ್ಚಲಿಲ್ಲ ಅವನಿಗೆ.
ಮನೆತನದ ಪ್ರಶ್ನೆ ಕೇಳಿದೆ, ದನಿ ತಗ್ಗಿಸಿದೆ, ಕಾದೆ.
'ಅಪ್ಪ' ಎಂದ. ಆಮೇಲೆ,
'ನಿನ್ನ ಮನೆಯಲ್ಲಿ?'

ಕೈಪಿಡಿಯ ತೊಂಬತ್ತಾರು ಪುಟದಲ್ಲಿ
ಇದಕ್ಕೆ ಉತ್ತರ ಇರಲಿಲ್ಲ.
'ಅಣ್ಣ' ಎಂದೆ.
ಅವನು ಏನೂ ಹೇಳಲಿಲ್ಲ, ನನ್ನ ಚಹಾಕ್ಕೆ
ಇನ್ನೊಂದು ಚಮಚ ಜೇನು ಹಾಕಿ ಕಲಕಿದ,
ಬಹಳ ಹೊತ್ತು ಕಲಕಿದ.

ಮೂವತ್ತೆರಡು:
ಕಷ್ಟದಲ್ಲಿ ಕರೆಯಬಹುದಾದ ಗೆಳೆಯರು ಎಷ್ಟು?
ಸೊನ್ನೆ. ಒಂದೆರಡು. ಮೂರು ಅಥವಾ ಹೆಚ್ಚು.

ಎದ್ದು ಬೂಟು ಹಾಕಿಕೊಂಡ. ಹಿತ್ತಿಲಿಗೆ ಕರೆದೊಯ್ದ.
ಹಳೆ ಕೋಟು ಹೊದ್ದ ಆರು ಪೆಟ್ಟಿಗೆ, ಮೇಲೊಂದೊಂದು ಕಲ್ಲು.
'ಕಿವಿಯಿಡು.'
ಇಟ್ಟೆ. ಒಳಗೆ, ಚಳಿಗೆ ಒಂದಕ್ಕೊಂದು ಅಂಟಿ
ಯಾರೋ ಬಾಯಿಮುಚ್ಚಿ ಗುನುಗಿದ ಹಾಗೆ.

ನಮ್ಮ ಭಾಷೆಯಲ್ಲಿ ಗೆಳೆಯ ಎಂಬ ಮಾತಿನೊಳಗೇ
ಒಂದು ಜೇನುನೊಣ ಕೂತಿದೆ.
ನಾಯಿ ಸತ್ತರೆ, ಬೆಕ್ಕು ಸತ್ತರೆ ಬೇರೆ ಪದ,
ಜೇನು ಮಾತ್ರ ಮನುಷ್ಯರ ಹಾಗೆ ತೀರಿಕೊಳ್ಳುತ್ತದೆ.

'ಏಪ್ರಿಲಿನಲ್ಲಿ ನಾನು ಆಸ್ಪತ್ರೆಯಲ್ಲಿದ್ದಾಗ
ಇವು ಹಸಿದಿದ್ದವು. ಪಕ್ಕದ ದೋಮಿಸೆಲೆ
ಬಂದು ಸಕ್ಕರೆಪಾಕ ಇಟ್ಟಿದ್ದಳು.
ಬೇಲಿ ಜಗಳ ನಮ್ಮದು, ಹನ್ನೆರಡು ವರ್ಷದ್ದು.
ನನಗೋಸ್ಕರ ಅಲ್ಲವಂತೆ, ನೊಣಗಳಿಗೋಸ್ಕರವಂತೆ.
ಈಗ ಭಾನುವಾರ ಭಾನುವಾರ ಬರುತ್ತಾಳೆ, ಜೇನು ನೋಡಲು.
ಚಳಿಗಾಲದಲ್ಲಿ ನೋಡಲು ಏನಿದೆ ಹೇಳು?
ಮುಚ್ಚಳ ತೆಗೆಯುವ ಹಾಗೂ ಇಲ್ಲ.'

'ಹಾಗಾದರೆ ಒಂದು ಎಂದು ಬರೆಯಲೇ?'
'ಸೊನ್ನೆ ಬರಿ. ಅವಳು ಗೆಳತಿಯಲ್ಲ, ಜಗಳಗಂಟಿ.'

ಹೇಳಿದ್ದನ್ನೇ ಬರೆಯಬೇಕು. ಸೊನ್ನೆ ಬರೆದೆ.
ಅಳಿಸಿದೆ. ಮತ್ತೆ ಬರೆದೆ.
ಆ ಜಾಗದಲ್ಲಿ ಕಾಗದ ತೆಳ್ಳಗಾಗಿ
ಕೆಳಗಿನ ಮೇಜಿನ ಕಂದು ಕಾಣುತ್ತಿತ್ತು.

ಮೊತ್ತ ಹನ್ನೊಂದು. ಕೆಂಪು ಚೀಟಿ.
ವಾರದೊಳಗೆ ವೈದ್ಯರು ಫೋನು ಮಾಡಬೇಕು.
ಮಾಡುತ್ತಾರೆ, ಅದಕ್ಕೇ ಈ ಕೂಡುವ ಕಳೆಯುವ ಲೆಕ್ಕವೆಲ್ಲ,
ಅದನ್ನು ನಾನು ಹೀಗಳೆಯಲಾರೆ.
ನನ್ನ ಅಣ್ಣನಿಗೆ ಯಾರೂ
ಯಾವ ಬಣ್ಣದ ಚೀಟಿಯನ್ನೂ ಅಂಟಿಸಿರಲಿಲ್ಲ.

ಕಾರು ತಿರುಗಿಸುವಾಗ ದೀಪದ ಬೆಳಕು ಬೇಲಿಯ ಮೇಲೆ ಹರಿಯಿತು.
ಮುರಿದ ಹಲಗೆಯ ಸಂದಿಯಲ್ಲಿ ನುಸುಳುತ್ತಿದ್ದಳು
ತಲೆಗೆ ಶಾಲು ಸುತ್ತಿದವಳು,
ಕೈಯಲ್ಲಿ ಮುಚ್ಚಿದ ಪಾತ್ರೆ, ಅದರ ಮೇಲೆ ಆವಿ.
ಪೆಟ್ಟಿಗೆಗಳತ್ತ ಕಣ್ಣೂ ಹಾಯಿಸದೆ
ನೇರ ಅಡುಗೆಮನೆಯ ಬಾಗಿಲಿಗೆ ನಡೆದಳು.

ಇವತ್ತು ಮಂಗಳವಾರ.